ಚಾಟ್ ಒಳಗಿನ ಆಟಕ್ಕೆ ದುಡ್ಡು ಹಾಕುವ ಮುಂಚೆ

ಇಬ್ಬರು ಹುಡುಗರು ತಮ್ಮ ಆಟದ ಲೆಕ್ಕ ತೋರಿಸಲು ಬಂದಿದ್ದರು. ಚಾಟ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಅಲ್ಲೇ ತೆರೆದುಕೊಳ್ಳುವ ಪುಟ್ಟ ಪಜಲ್ ಆಟ. ‘ಮೂರೇ ವಾರ ಸರ್, ಎಷ್ಟು ಜನ ಬಂದಿದ್ದಾರೆ ನೋಡಿ’ ಎಂದು ಗ್ರಾಫ್ ಮುಂದಿಟ್ಟರು. ಗೆರೆ ನೆಟ್ಟಗೆ ಮೇಲಕ್ಕೆ ಹೋಗಿತ್ತು. ನಾನು ಅದರ ಹಿಂದಿನ ಶೀಟ್ ಕೇಳಿದೆ. ಅದರಲ್ಲಿ ಎರಡನೇ ದಿನದ ನಂತರದ ಕಾಲಂಗಳನ್ನು ಮಡಚಿಟ್ಟಿದ್ದರು. ಮೋಸ ಮಾಡಲು ಅಲ್ಲ, ಶೀಟ್ ತುಂಬಾ ಅಗಲವಾಗಿದೆ ಅಂತ. ಬಿಡಿಸಿ ನೋಡಿದೆವು. ಒಂದು ಸೋಮವಾರ ಬಂದ ಪ್ರತಿ 100 ಜನರಲ್ಲಿ ಮಂಗಳವಾರ ಮತ್ತೆ ಆಡಿದವರು 22. ಮುಂದಿನ ಸೋಮವಾರ ಉಳಿದವರು 4. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೂಡಿಕೆದಾರರ ಪರವಾಗಿ ಸಣ್ಣ ಗೇಮ್ ಸ್ಟುಡಿಯೊಗಳ ಲೆಕ್ಕ ನೋಡುವುದು ನನ್ನ ಕೆಲಸ. ಚಾಟ್ ಆಟಗಳ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವುದು ಒಂದೇ. ಎಷ್ಟು ಜನ ಬಂದರು ಅನ್ನೋದಕ್ಕಿಂತ, ಅವರು ಯಾವ ಬಾಗಿಲಿನಿಂದ ಬಂದರು, ಆ ಬಾಗಿಲಿನ ಕೀಲಿ ಯಾರ ಹತ್ತಿರ ಇದೆ ಅನ್ನೋದನ್ನು ಮೊದಲು ನೋಡಿ.

ಈ ಆಟಗಳ ಆಕರ್ಷಣೆ ನಿಜವಾದದ್ದೇ. ಡೌನ್‌ಲೋಡ್ ಬೇಡ, ಇನ್‌ಸ್ಟಾಲ್ ಬೇಡ. ಗೆಳೆಯ ಸ್ಕೋರ್ ಕಳಿಸುತ್ತಾನೆ, ಒತ್ತಿದರೆ ಆಟ ಶುರು. ವೆಬ್ ಪುಟಗಳಿಗೆ ಬಳಸುವ ಎಚ್‌ಟಿಎಂಎಲ್5ನಲ್ಲಿ ಬರೆದಿರುವುದರಿಂದ ಮೂರು ನಾಲ್ಕು ಜನರ ತಂಡ ಕೆಲವೇ ವಾರಗಳಲ್ಲಿ ಒಂದು ಆಟ ಮಾಡಬಹುದು. ಟೆಲಿಗ್ರಾಂ ಮತ್ತು ಫೇಸ್‌ಬುಕ್ ಮೆಸೆಂಜರ್ 2016ರಲ್ಲಿ ಇದಕ್ಕೆ ಜಾಗ ಕೊಟ್ಟವು. ಚೀನಾದ ಚಾಟ್ ಆ್ಯಪ್ ವೀಚಾಟ್ 2017ರ ಡಿಸೆಂಬರ್‌ನಲ್ಲಿ ‘ತಿಯಾವ್ ಇ ತಿಯಾವ್’ ಎಂಬ ಜಿಗಿತದ ಆಟದೊಂದಿಗೆ ಈ ಸಾಲಿಗೆ ಬಂತು, ಅಲ್ಲಿ ಆ ಆಟ ಮನೆಮನೆಯ ಮಾತಾಯಿತು.

ಆದರೆ ಜಾಗ ಕೊಟ್ಟವರು ಜಾಗ ಬದಲಿಸಲೂಬಹುದು. 2018ರಲ್ಲಿ ಫೇಸ್‌ಬುಕ್ ಹೀಗೆ ಒತ್ತಿದರೆ ತೆರೆಯುವ ಆಟಗಳ ತನ್ನ ವಿಭಾಗವಾದ ಇನ್‌ಸ್ಟಂಟ್ ಗೇಮ್ಸ್ ಅನ್ನು ಎಲ್ಲ ಡೆವಲಪರ್‌ಗಳಿಗೂ ತೆರೆಯಿತು. ಮರುವರ್ಷವೇ, ಆಟಗಳನ್ನು ಮೆಸೆಂಜರ್‌ನಿಂದ ತೆಗೆದು ಫೇಸ್‌ಬುಕ್ ಆ್ಯಪ್‌ಗೆ ಸಾಗಿಸುತ್ತೇವೆ ಎಂದಿತು. ಚಾಟ್‌ನಲ್ಲೇ ಆಡುತ್ತಿದ್ದ ಜನರನ್ನು ನಂಬಿ ಲೆಕ್ಕ ಹಾಕಿದ್ದವರ ಪಾಡು ಊಹಿಸಿ. 2025ರ ಆರಂಭದಲ್ಲಿ ಟೆಲಿಗ್ರಾಂ, ಕ್ರಿಪ್ಟೊ ಅಂದರೆ ಡಿಜಿಟಲ್ ನಾಣ್ಯ ಬಳಸುವ ತನ್ನೊಳಗಿನ ಮಿನಿ ಆ್ಯಪ್‌ಗಳು, ಆ ನಾಣ್ಯಗಳ ಲೆಕ್ಕ ಇಡುವ ಜಾಲಗಳಲ್ಲಿ (ಬ್ಲಾಕ್‌ಚೈನ್) ಟಾನ್ ಒಂದನ್ನೇ ಬಳಸಬೇಕು ಎಂದು ನಿಯಮ ಮಾಡಿತು. ಬೇರೆ ಚೈನ್ ಮೇಲೆ ಕಟ್ಟಿದ್ದವರಿಗೆ ಸಿಕ್ಕ ಗಡುವು ಸುಮಾರು ಒಂದು ತಿಂಗಳು. ಇದರಲ್ಲಿ ಯಾರ ದ್ರೋಹವೂ ಇಲ್ಲ. ಬೇರೆಯವರ ಜಗಲಿಯಲ್ಲಿ ಅಂಗಡಿ ಇಟ್ಟರೆ ಹೀಗೆಯೇ, ಅಲ್ವಾ?

ದೊಡ್ಡ ಬದಲಾವಣೆಯೇ ಬೇಕಂತಿಲ್ಲ, ಚಿಕ್ಕದೂ ಸಾಕು. ಒಂದು ಲೆಕ್ಕ ಹೇಳುತ್ತೇನೆ, ಕಾಗದದ ಮೇಲೆ ಬರೆದು ನೋಡಿ. ನಿಮ್ಮ ಆಟಕ್ಕೆ 1,000 ಜನ ಬಂದರು. ಪ್ರತಿ 10 ಜನ ಸೇರಿ 8 ಹೊಸಬರನ್ನು ಕರೆತರುತ್ತಾರೆ. ಹಾಗಾದರೆ ಮುಂದೆ 800, ಆಮೇಲೆ 640, ಆಮೇಲೆ 512, ಹೀಗೆ ಕೂಡುತ್ತಾ ಹೋದರೆ ಒಟ್ಟು 5,000 ಜನ. ಈಗ ವೇದಿಕೆಯವರು, ಅಂದರೆ ಚಾಟ್ ಆ್ಯಪ್‌ನವರು, ನೋಟಿಫಿಕೇಷನ್ ಸ್ವಲ್ಪ ಕಡಿಮೆ ಮಾಡಿದರು ಅಂದುಕೊಳ್ಳಿ. 8 ಇದ್ದದ್ದು 6 ಆಯಿತು. ಒಟ್ಟು ಎಷ್ಟು ಗೊತ್ತಾ? ಬರೀ 2,500. ಕರೆತರುವುದು ಕಾಲು ಭಾಗ ತಗ್ಗಿದರೆ ಜನ ಅರ್ಧಕ್ಕೆ ಇಳಿಯುತ್ತಾರೆ. ಸ್ಟುಡಿಯೊದವರು ಮುಂದಿನ ವರ್ಷದ ಆದಾಯ ತೋರಿಸುವಾಗ ಈ ಒಂದು ಅಂಕಿಯನ್ನು ತಗ್ಗಿಸಿ ಮತ್ತೆ ಲೆಕ್ಕ ಮಾಡಿಸಿ. ಆಗಲೂ ಕಂಪನಿ ಉಸಿರಾಡುತ್ತದೆ ಎಂದರೆ ಮಾತು ಮುಂದುವರಿಸಬಹುದು.

ಆದಾಯದ ಬಗ್ಗೆ ಇಷ್ಟು ಸಾಕು: ಈ ಆಟಗಳಲ್ಲಿ ಜಾಹೀರಾತಿನ ಹಣವೇ ಜಾಸ್ತಿ, ಖರೀದಿಸುವವರು ಕಡಿಮೆ. ಎರಡು ದಿನ ಆಡಿ ಹೋಗುವವನು ನೋಡುವ ಜಾಹೀರಾತು ಬೆರಳೆಣಿಕೆಯಷ್ಟು. ಅವನನ್ನು ದುಡ್ಡು ಕೊಟ್ಟು ಕರೆತಂದಿದ್ದರೆ ಅದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಜನ ಯಾಕೆ ಬಂದರು ಅನ್ನೋದೂ ಮುಖ್ಯ. 2024ರಲ್ಲಿ ಟೆಲಿಗ್ರಾಂನಲ್ಲಿ ನಾಟ್‌ಕಾಯಿನ್, ಹ್ಯಾಮ್‌ಸ್ಟರ್ ಕಾಂಬ್ಯಾಟ್ ಆಟಗಳಿಗೆ ಕೋಟಿಗಟ್ಟಲೆ ಜನ ಮುಗಿಬಿದ್ದರು. ಆಟ ಅಂದರೆ ಪರದೆ ಮೇಲೆ ಬೆರಳಿನಿಂದ ತಟ್ಟುವುದು. ಮುಂದೆ ಸಿಗುವ ಟೋಕನ್, ಅಂದರೆ ಕ್ರಿಪ್ಟೊ ನಾಣ್ಯದ ಮೇಲೆ ಎಲ್ಲರ ಕಣ್ಣು. ಸೆಪ್ಟೆಂಬರ್‌ನಲ್ಲಿ ಹ್ಯಾಮ್‌ಸ್ಟರ್ ಟೋಕನ್ ಹಂಚಿಕೆಯಾದ ಮೇಲೆ ಆಡುವವರು ಗುಂಪು ಗುಂಪಾಗಿ ಬಿಟ್ಟುಹೋದರು. ಅಂಥ ಗ್ರಾಫ್ ನೋಡಿ ದುಡ್ಡು ಹಾಕಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಒಳ್ಳೆಯ ಆಟವೂ ಬೇಗ ತಣ್ಣಗಾಗುತ್ತದೆ. ಇದು ಚಾಟ್ ಆಟಕ್ಕೆ ಮಾತ್ರ ಬಂದ ಕಾಯಿಲೆ ಅಲ್ಲ. 2012ರ ಮಾರ್ಚ್‌ನಲ್ಲಿ ಜಿಂಗಾ ಕಂಪನಿ, ‘ಡ್ರಾ ಸಮ್‌ಥಿಂಗ್’ ಎಂಬ ಮೊಬೈಲ್ ಆಟ ಮಾಡಿದ ಓಎಂಜಿಪಾಪ್ ಅನ್ನು ಸುಮಾರು 18 ಕೋಟಿ ಡಾಲರ್‌ಗೆ ಕೊಂಡಿತು. ಕೊಂಡ ಕೆಲವೇ ವಾರಗಳಲ್ಲಿ ಆಡುವವರು ಕರಗತೊಡಗಿದರು. ಮರುವರ್ಷ ಜೂನ್‌ನಲ್ಲಿ ಆ ಕಚೇರಿಯನ್ನೇ ಮುಚ್ಚಿದರು. ಅದಕ್ಕೇ ನಾನು ಒಂದು ಆಟದ ಮೇಲೆ ಹಣ ಹಾಕಿ ಎಂದು ಹೇಳುವುದೇ ಇಲ್ಲ. ಹತ್ತು ಆಟ ಮಾಡಿ, ಒಂಬತ್ತನ್ನು ಬೇಗ ಕೈಬಿಟ್ಟು, ಯಾಕೆ ಕೈಬಿಟ್ಟೆವು ಎಂದು ಬರೆದಿಟ್ಟುಕೊಳ್ಳುವ ತಂಡ ಸಿಕ್ಕರೆ ಅದಕ್ಕೆ ಹಾಕಿ. ಪೂರ್ತಿ ಒಂದೇ ಸಲ ಬೇಡ. ಕಂತು ಮಾಡಿ, ಪ್ರತಿ ಕಂತನ್ನೂ ಏಳನೇ ದಿನಕ್ಕೆ ಉಳಿಯುವವರ ಸಂಖ್ಯೆಗೆ ಕಟ್ಟಿಹಾಕಿ.

ಭೇಟಿಯ ದಿನ ಇನ್ನೊಂದು ಕೆಲಸ ಮಾಡಿ. ನಿಮ್ಮ ಒಳ್ಳೆಯ ಫೋನ್ ಬದಿಗಿಟ್ಟು, ನಾಲ್ಕೈದು ವರ್ಷ ಹಳೆಯ ಫೋನ್‌ನಲ್ಲಿ, ವೈಫೈ ಆಫ್ ಮಾಡಿ ಆಟ ತೆರೆಯಿರಿ. ನಾನು ಹಾಗೆ ತೆರೆದ ಒಂದು ಆಟ ಲೋಡ್ ಆಗಲು 19 ಸೆಕೆಂಡ್ ತಗೊಂಡಿತು. ಚಾಟ್ ಮಾಡುತ್ತಿರುವವರು ಅಷ್ಟು ಹೊತ್ತು ಸುಮ್ನೆ ಕಾಯುವುದಿಲ್ಲ. ಅದೇ ಆಟ ಬೇರೆ ವೇದಿಕೆಗೆ ಹೋಗಲು ಎಷ್ಟು ದಿನ ಬೇಕು ಎಂದು ಕೋಡ್ ಬರೆದವರನ್ನೇ ಕೇಳಿ. ‘ಎರಡು ವಾರ’ ಎಂದರೆ ನೆಮ್ಮದಿ. ‘ಮತ್ತೆ ಬರೆಯಬೇಕು’ ಎಂದರೆ ಕೀಲಿ ಪೂರ್ತಿ ಬೇರೆಯವರ ಕೈಯಲ್ಲಿದೆ.

ಕೊನೆಗೆ ಡೆವಲಪರ್ ಖಾತೆ. ಆಟ ಯಾರ ಖಾತೆಯಿಂದ ಪ್ರಕಟವಾಗಿದೆ ಎಂದು ತೆರೆಸಿ ನೋಡಿ. ಎಷ್ಟೋ ಸಲ ಅದು ಮೊದಲ ದಿನ ಕೆಲಸಕ್ಕೆ ಸೇರಿದ ಪ್ರೋಗ್ರಾಮರ್‌ನ ಸ್ವಂತ ಇಮೇಲ್‌ನಲ್ಲಿ ಇರುತ್ತದೆ. ಆತ ಬಿಟ್ಟುಹೋದರೆ ಆಟ, ಆಟಗಾರರು, ಜಾಹೀರಾತಿನ ಹಣ ಎಲ್ಲಕ್ಕೂ ತೊಡಕು. ಖಾತೆ ಕಂಪನಿಯ ಹೆಸರಿಗೆ ಬರುವವರೆಗೆ ನಾನು ಮೊದಲ ಕಂತನ್ನೂ ಬಿಡಲು ಹೇಳುವುದಿಲ್ಲ.