ಪಪ್ಪಾಯಿಗೆ ಬಂದು ಹೋದವರು

ಕಟಪಾಡಿಯ ನಮ್ಮ ಹಿತ್ತಲಲ್ಲಿ ಬಾವಿಯ ಪಕ್ಕ ಮೂರು ಪಪ್ಪಾಯಿ ಗಿಡಗಳಿದ್ದವು. ಜನವರಿಯಲ್ಲಿ ನಡುವಿನ ಗಿಡದ ಚಿಗುರೆಲೆಗಳಲ್ಲಿ ಹಳದಿ ತೇಪೆ ಕಾಣಿಸಿಕೊಂಡಿತು. ಮತ್ತೆ ಕೆಲವು ವಾರಗಳಲ್ಲಿ ಹೊಸ ಎಲೆಗಳ ಹರವೇ ಹೋಗಿ ದಾರದಂಥ ಸೀಳುಗಳಷ್ಟೇ ಉಳಿದವು. ತೊಟ್ಟಿನ ಮೇಲೆ ಎಣ್ಣೆ ಸೋರಿದಂಥ ಗೆರೆಗಳು, ಎಳೆಗಾಯಿಯ ಸಿಪ್ಪೆಯಲ್ಲಿ ಬಳೆ ಒತ್ತಿದ ಹಾಗೆ ಉಂಗುರಗಳು. ಔಷಧಿ ಅಂಗಡಿಗೆ ಹೋಗಿ ಫೋಟೊ ತೋರಿಸಿದೆ. "ವೈರಸ್ಸು. ಹೇನಿಂದ ಬರುದು. ಇದನ್ನು ಹೊಡೀರಿ" ಎಂದು ಬಾಟಲಿ ಕೊಟ್ಟರು. ಹೊಡೆಯುವ ಮುಂಚೆ ಆ ಹೇನಿನ ಮುಖವನ್ನಾದರೂ ನೋಡೋಣವೆಂದು ಭೂತಗನ್ನಡಿ ಹಿಡಿದು ಎಲೆಯ ಅಡಿ, ಸುಳಿ, ಹೂವಿನ ತೊಟ್ಟು ಎಲ್ಲ ಜಾಲಾಡಿದೆ. ಒಂದೇ ಒಂದು ಹೇನಿಲ್ಲ. ಬೇಲಿಯಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯ ಅಕ್ಕ ನಗಾಡಿದರು: "ಎಂತ ಹುಡುಕುದು ಮಾರಾಯ್ರೇ? ಹೇನು ನಮ್ಮ ಅಲಸಂಡೆಯಲ್ಲಿ ಬೇಕಾದಷ್ಟು ಉಂಟು, ಬನ್ನಿ."

ಅವರು ಹೇಳಿದ್ದು ತಮಾಷೆಗೆ. ಆದರೆ ಉತ್ತರ ಇದ್ದದ್ದು ಅಲ್ಲೇ. ಪಪ್ಪಾಯಿ ಉಂಗುರಚುಕ್ಕೆ ವೈರಸ್ಸನ್ನು ಹರಡುವುದು ಸಸ್ಯಹೇನುಗಳೇ ಹೌದು, ಆದರೆ ಅವು ಪಪ್ಪಾಯಿಯಲ್ಲಿ ಸಂಸಾರ ಹೂಡುವುದಿಲ್ಲ. ಬೇರೆಲ್ಲೋ ಹುಟ್ಟಿ, ದಾರಿಯಲ್ಲಿ ಪಪ್ಪಾಯಿಗೆ ಇಳಿದು, ಒಮ್ಮೆ ರುಚಿ ನೋಡಿ, 'ಇದು ನಮ್ಮದಲ್ಲ' ಎಂದು ಹಾರಿಹೋಗುತ್ತವೆ. ಕೆಡಿಸುವುದು ಆ ಒಂದು ರುಚಿ.

ಅಕ್ಕನ ಅಲಸಂಡೆ ಬಳ್ಳಿಯ ತುದಿ ಕರಿಮಣಿ ಪೋಣಿಸಿದ ಹಾಗಿತ್ತು. ಒಂದೊಂದೂ ಸುಮಾರು 2 ಮಿಲಿಮೀಟರಿನ ಕಪ್ಪು ಹೇನು. ವಿಜ್ಞಾನದ ಹೆಸರು ಏಫಿಸ್ ಕ್ರಾಕ್ಸಿವೋರ. ಹಿಂಬದಿಯಿಂದ ಜಿನುಗುವ ಸಿಹಿನೀರಿಗಾಗಿ ಇರುವೆಗಳು ಅವುಗಳ ಮೈ ನೇವರಿಸುತ್ತಿದ್ದವು. ನಮ್ಮಂಥ ಬೆಚ್ಚಗಿನ ಊರಿನಲ್ಲಿ ಈ ಬಳಗದಲ್ಲಿ ಸಾಮಾನ್ಯವಾಗಿ ಎಲ್ಲವೂ ಹೆಣ್ಣೇ. ಗಂಡಿನ ಹಂಗಿಲ್ಲ, ಮೊಟ್ಟೆಯ ಗೋಜಿಲ್ಲ, ಸೀದಾ ಮರಿ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಮುಂದಿನ ಮರಿಯ ಭ್ರೂಣ ಬೆಳೆಯುತ್ತಿರುತ್ತದೆ. ಅಜ್ಜಿಯೊಳಗೆ ಮಗಳು, ಮಗಳೊಳಗೆ ಮೊಮ್ಮಗಳು. ಬಳ್ಳಿಯಲ್ಲಿ ಜಾಗ ಸಾಲದಾದಾಗ, ರಸ ಬತ್ತಿದಾಗ, ಮುಂದಿನ ಪೀಳಿಗೆಯ ಕೆಲವಕ್ಕೆ ರೆಕ್ಕೆ ಬರುತ್ತದೆ. ಊರು ಬಿಡುವವರಿಗಷ್ಟೇ ರೆಕ್ಕೆ.

ಹಾರುವುದರಲ್ಲಿ ಹೇನು ಗಟ್ಟಿಯಲ್ಲ. ಗಾಳಿ ಒಯ್ದ ಕಡೆ ಹೋಗುತ್ತದೆ, ಹಳದಿ-ಹಸಿರು ಬಣ್ಣ ಕಂಡಲ್ಲಿ ಇಳಿಯುತ್ತದೆ. ಇಳಿದದ್ದು ಅಲಸಂಡೆಗೋ ಪಪ್ಪಾಯಿಗೋ ಎಂದು ನೋಡಿ ತಿಳಿಯುವಷ್ಟು ಕಣ್ಣು ಅದಕ್ಕಿಲ್ಲ, ಕಚ್ಚಿಯೇ ತಿಳಿಯಬೇಕು. ಕೂದಲಿಗಿಂತ ಎಷ್ಟೋ ತೆಳುವಾದ ಸೂಜಿಮೂತಿಯನ್ನು ಎಲೆಯ ಮೇಲ್ಪದರದ ಒಂದು ಜೀವಕೋಶಕ್ಕೆ ಚುಚ್ಚಿ, ಹನಿ ಎಂಜಲು ಬಿಟ್ಟು, ಒಂದು ಗುಟುಕು ಎಳೆದು ನೋಡುತ್ತದೆ.

ಎಲೆಯೊಳಗೆ ನಡೆಯುವ ಇದನ್ನು ಕಂಡುಹಿಡಿದ ಬಗೆ ನನಗೆ ಈ ವಿಷಯದಲ್ಲೇ ಅತ್ಯಂತ ಇಷ್ಟ. 1964ರಲ್ಲಿ ಅಮೆರಿಕದ ಮೆಕ್‌ಲೀನ್ ಮತ್ತು ಕಿನ್ಸಿ ಹೇನನ್ನು ವಿದ್ಯುತ್ ಮಂಡಲದ ಭಾಗವಾಗಿಸಿದರು. ಇಂದು ಈ ಪ್ರಯೋಗ ಮಾಡುವವರು ಹೇನಿನ ಬೆನ್ನಿಗೆ ವಾಹಕ ಅಂಟಿನಿಂದ ಚಿನ್ನದ ಸಣ್ಣ ತಂತಿ ಅಂಟಿಸುತ್ತಾರೆ, ಗಿಡದ ಬುಡದ ಮಣ್ಣಿಗೆ ಇನ್ನೊಂದು ತಂತಿ. ಹೇನು ಮೂತಿ ಚುಚ್ಚಿದೊಡನೆ ಮಂಡಲ ಕೂಡುತ್ತದೆ, ಇಸಿಜಿಯ ಹಾಗೆ ಗೆರೆ ಮೂಡುತ್ತದೆ. ಜೀವಕೋಶದ ಪೊರೆ ತೂತಾದ ಕ್ಷಣ ಗೆರೆ ಧುಮುಕಿ, 5ರಿಂದ 10 ಸೆಕೆಂಡಿನಲ್ಲಿ ಮತ್ತೆ ಮೇಲೇಳುತ್ತದೆ. ಆ ತಗ್ಗಿನೊಳಗೂ ಮೂರು ಹಂತಗಳಿವೆ. ಹೊಸ ಗಿಡಕ್ಕೆ ವೈರಸ್ ಸೇರುವುದು ಮೊದಲ ಹಂತದಲ್ಲಿ, ರೋಗದ ಗಿಡದಿಂದ ವೈರಸ್ ಮೂತಿಗೆ ಹತ್ತುವುದು ಕೊನೆಯ ಹಂತದಲ್ಲಿ ಎಂದು 1997ರಲ್ಲಿ ಗೊತ್ತಾಯಿತು. ಒಂದು ಗಿಡದ ಕೊನೆಯ ಗುಟುಕು ಮುಂದಿನ ಗಿಡದ ಮೊದಲ ಎಂಜಲಿನೊಂದಿಗೆ ಹೊರಬೀಳುತ್ತದೆ. ನಮ್ಮ ಹಿರಿಯರು ಎಂಜಲು-ಮುಸುರೆ ಎಂದು ಅಷ್ಟು ಮಡಿ ಮಾಡುತ್ತಿದ್ದದ್ದು ನೆನಪಾಗಿ ನನಗೆ ನಗು ಬಂತು.

ಮೂತಿಗೆ ವೈರಸ್ ಸುಮ್ಮನೆ ಮೆತ್ತಿಕೊಳ್ಳುವುದಲ್ಲ. ಉಂಗುರಚುಕ್ಕೆಯ ವೈರಸ್ ಗಿಡದ ಜೀವಕೋಶದೊಳಗೆ ಒಂದು ಸಹಾಯಕ ಪ್ರೋಟೀನನ್ನು ಮಾಡಿಸಿಕೊಳ್ಳುತ್ತದೆ. ಅದರ ಒಂದು ಕೈ ಹೇನಿನ ಮೂತಿಯನ್ನು, ಇನ್ನೊಂದು ಕೈ ವೈರಸ್ಸಿನ ಕವಚವನ್ನು ಹಿಡಿದಿರುತ್ತದೆ. ಹಿಡಿತ ಬಹಳ ಹೊತ್ತಿನದಲ್ಲ. ನಾಲ್ಕಾರು ಕಡೆ ಚುಚ್ಚುವಷ್ಟರಲ್ಲಿ ಮೂತಿ ಚೊಕ್ಕಟವಾಗಿಬಿಡುತ್ತದೆ.

ಹಾಗಾಗಿ ಅಂಗಡಿಯ ಬಾಟಲಿಯಿಂದ ಪಪ್ಪಾಯಿ ಉಳಿಯದು. ವಿಷ ಮೈಗೇರಿ ಹೇನು ಸಾಯಲು ನಿಮಿಷಗಳು ಬೇಕು. ವೈರಸ್ ದಾಟಲು ಸೆಕೆಂಡುಗಳು ಸಾಕು. ಕೆಲವು ಔಷಧಿಗಳು ತಾಗಿದರೆ ಹೇನು ಚಡಪಡಿಸಿ ಇನ್ನೂ ನಾಲ್ಕು ಗಿಡಕ್ಕೆ ಹಾರುವುದೂ ಉಂಟು. ಅಂಗಡಿಯವರನ್ನು ದೂರುವುದಿಲ್ಲ, ಹೇನಿಂದ ಬರುತ್ತದೆ ಎಂದದ್ದು ನಿಜವೇ.

ವೈರಸ್ ತನ್ನ ಸಾರಿಗೆಯನ್ನು ತಾನೇ ಏರ್ಪಾಡು ಮಾಡಿಕೊಳ್ಳುತ್ತದೆ ಎಂದರೆ ಉತ್ಪ್ರೇಕ್ಷೆ ಎನಿಸೀತು. 2010ರಲ್ಲಿ ಅಮೆರಿಕದ ಮಾಕ್, ಡಿ ಮೊರೇಸ್ ಮತ್ತು ಮೆಶರ್ ಕುಂಬಳದ ಜಾತಿಯ ಗಿಡಗಳಲ್ಲಿ ಸೌತೆ ಮೊಸಾಯಿಕ್ ವೈರಸ್ಸನ್ನು ಪರೀಕ್ಷಿಸಿದರು. ಸೋಂಕು ತಗಲಿದ ಗಿಡ ಆರೋಗ್ಯದ ಗಿಡದ್ದೇ ವಾಸನೆ ಬೀರುತ್ತಿತ್ತು, ಆದರೆ ಹೆಚ್ಚು ಜೋರಾಗಿ. ಹೇನುಗಳು ಅದಕ್ಕೇ ಮುಗಿಬಿದ್ದವು. ರಸ ಹೀರಿದರೆ ರುಚಿಯಿಲ್ಲ. ಬೇಗನೆ ಎದ್ದು ಹೋದವು. ಬಾ ಎಂದು ಕರೆದು, ಉಣ್ಣಲು ಬಿಡದೆ, ಬುತ್ತಿ ಕಟ್ಟಿ ಕಳಿಸುವ ಉಪಚಾರ. ಸೆಕೆಂಡುಗಳಲ್ಲಿ ಅಂಟಿ ಬೇಗನೆ ಕಳಚುವ ವೈರಸ್ಸಿಗೆ ಬೇಕಾದದ್ದು ಇದೇ.

ಬಾಳೆಯ ಕತೆ ಬೇರೆ. ಬಂಚಿ ಟಾಪ್ ರೋಗ ಬಂದ ಬಾಳೆಯಲ್ಲಿ ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ತುದಿಯಲ್ಲಿ ಗೊಂಚಲಾಗುತ್ತವೆ. ಅದಕ್ಕೂ ಮೊದಲೇ ಎಲೆಯನ್ನು ಬೆಳಕಿಗೆ ಹಿಡಿದರೆ ನರಗಳ ಉದ್ದಕ್ಕೆ ಕಡುಹಸಿರು ಚುಕ್ಕೆ, ಗೀಟು, ಮತ್ತೆ ಚುಕ್ಕೆ, ಹಳೆಯ ತಂತಿ ಸಂದೇಶದ ಹಾಗೆ ಕಾಣುತ್ತವೆ. ಇದನ್ನು ಹರಡುವ ಬಾಳೆಹೇನು ದಾರಿಹೋಕನಲ್ಲ, ಎಲೆಬುಡದ ಪೊಳ್ಳಿನಲ್ಲಿ ಇರುವೆಗಳ ಕಾವಲಿನಲ್ಲಿ ಬಾಳುವ ಮನೆಯಾಳು. ಗಂಟೆಗಟ್ಟಲೆ ರಸ ಹೀರುವಾಗ ವೈರಸ್ ಅದರ ಕರುಳು ದಾಟಿ, ಮೈಯೆಲ್ಲ ಸುತ್ತಿ, ಎಂಜಲಿನ ಗ್ರಂಥಿಗೆ ಸೇರುತ್ತದೆ. ಆಮೇಲೆ ಸಾಯುವವರೆಗೂ ಬಿಡುವುದಿಲ್ಲ. ಇಲ್ಲಿ ಕೀಟನಾಶಕಕ್ಕೆ ಕೆಲಸವುಂಟು, ಒಂದು ಕ್ರಮದಲ್ಲಿ: ಮೊದಲು ಹೇನು ಕೊಲ್ಲಬೇಕು, ಆಮೇಲೆ ಬುಡಸಮೇತ ಬಾಳೆ ಕೀಳಬೇಕು. ಮೊದಲೇ ಕಡಿದು ಎಳೆದಾಡಿದರೆ ಹೇನುಗಳು ಪಕ್ಕದ ಕದಳಿಗೆ ವಲಸೆ ಹೋಗುತ್ತವೆ. ನಾವು ನೆಂಟರಿಷ್ಟರಿಗೆ ಪ್ರೀತಿಯಿಂದ ಕೊಡುವ ಬಾಳೆಕಂದು ಕೂಡ ಈ ವೈರಸ್ಸಿನ ವಾಹನ. 1920ರ ದಶಕದಲ್ಲಿ ಆಸ್ಟ್ರೇಲಿಯಾದ ಬಾಳೆತೋಟಗಳು ಇದರಿಂದ ಪಾಳುಬಿದ್ದಾಗ ಮೆಗೀ ಎಂಬ ಸಂಶೋಧಕರು ಹೇನಿನ ಪಾತ್ರವನ್ನು ತೋರಿಸಿಕೊಟ್ಟರು. ರೋಗದ ಬುಡಗಳನ್ನು ಕಿತ್ತು, ಕಂದುಗಳ ಸಾಗಾಟಕ್ಕೆ ಕಡಿವಾಣ ಹಾಕಿದ ಮೇಲೆಯೇ ಅಲ್ಲಿ ಬಾಳೆ ಚೇತರಿಸಿಕೊಂಡದ್ದು.

ಪಪ್ಪಾಯಿಗೆ ಇರುವ ಉಪಾಯಗಳೆಲ್ಲ ಸುತ್ತುಬಳಸಿನವು. ತೋಟದ ಅಂಚಿಗೆ ಎರಡು-ಮೂರು ಸಾಲು ಜೋಳ ಹಾಕಿದರೆ ಹೇನು ಮೊದಲು ಜೋಳವನ್ನು ಚುಚ್ಚಿ ಮೂತಿ ಒರೆಸಿಕೊಳ್ಳುತ್ತದೆ. ಬುಡಕ್ಕೆ ಬೆಳ್ಳಿಬಣ್ಣದ ಹಾಳೆ ಹಾಸಿದರೆ ಆಕಾಶದ ಹೊಳಪು ಕೆಳಗಿನಿಂದಲೂ ಬಂದು ಅದಕ್ಕೆ ಇಳಿಯುವ ದಿಕ್ಕು ತಪ್ಪುತ್ತದೆ. ಎಲೆಗೆ ಖನಿಜ ತೈಲದ ತೆಳು ಲೇಪ ಕೊಟ್ಟರೆ ಹೇನು ಸಾಯದಿದ್ದರೂ ವೈರಸ್ ದಾಟುವುದು ಕಡಿಮೆಯಾಗುತ್ತದೆ. ದೊಡ್ಡ ಗೆಲುವು ಹವಾಯಿಯದು: 1992ರಲ್ಲಿ ಪುನಾ ಪ್ರದೇಶಕ್ಕೆ ವೈರಸ್ ಹೊಕ್ಕಿತು, ಡೆನ್ನಿಸ್ ಗೊನ್ಸಾಲ್ವೆಸ್ ತಂಡ ವೈರಸ್ಸಿನದೇ ಕವಚದ ಜೀನ್ ಸೇರಿಸಿ ರೂಪಿಸಿದ ಪಪ್ಪಾಯಿ 1998ರಲ್ಲಿ ರೈತರ ಕೈಸೇರಿತು. ಅದನ್ನೇ ತಂದು ಇಲ್ಲಿ ನೆಟ್ಟರಾಯಿತು ಎನ್ನುವಂತಿಲ್ಲ. ಊರೂರಿನ ವೈರಸ್ ತಳಿ ಬೇರೆ, ನಮ್ಮಲ್ಲಿ ಅಂಥ ಪಪ್ಪಾಯಿಗೆ ಅನುಮತಿಯೂ ಇಲ್ಲ.

ಉಡುಪಿಯ ಆಷಾಢದ ಮಳೆ ಹೇನುಗಳನ್ನು ಎಲೆಯಿಂದ ತೊಳೆದುಹಾಕುತ್ತದೆ. ಅವು ಮತ್ತೆ ತಲೆಯೆತ್ತುವುದು ಮಳೆ ನಿಂತು ಅಲಸಂಡೆ, ಸೌತೆ ಬಳ್ಳಿಗಳು ಹಬ್ಬಿದ ಮೇಲೆ.

ನಡುವಿನ ಗಿಡವನ್ನು ಕಡಿದು ಸುಟ್ಟೆ. ಬಾಟಲಿಯ ಸೀಲು ಒಡೆಯಲಿಲ್ಲ. 1951ರಲ್ಲಿ ಜರ್ಮನಿಯ ಮೋರಿಕೆ ಹೇನು ಹಿಡಿಯಲು ಹಳದಿ ಪಾತ್ರೆಯಲ್ಲಿ ನೀರಿಟ್ಟಿದ್ದರಂತೆ ಎಂದು ಓದಿ, ನಾನೂ ಒಂದು ಹಳದಿ ಪ್ಲಾಸ್ಟಿಕ್ ಬೇಸಿನ್ನಿಗೆ ಸಾಬೂನು ನೀರು ಹಾಕಿ ಉಳಿದೆರಡು ಗಿಡಗಳ ನಡುವೆ ಇಟ್ಟೆ. ಮರುದಿನ ಬೆಳಿಗ್ಗೆ ಅಕ್ಕನೂ ಬಂದು ಬಗ್ಗಿ ನೋಡಿದರು. ರೆಕ್ಕೆಯಿರುವ ಹೇನು 11 ತೇಲುತ್ತಿದ್ದವು, ಅದರಲ್ಲಿ 7 ಕಪ್ಪು. "ಇದು ನಮ್ಮದೇ ಅಲ್ವಾ?" ಎಂದರು ಅಕ್ಕ, ಸ್ವಲ್ಪ ಸಣ್ಣ ದನಿಯಲ್ಲಿ.