ಹೆಗಡೆ, ಹೆಗ್ಡೆ, ಹೆಗ್ಗಡೆ: ಹುದ್ದೆ ಅಡ್ಡಹೆಸರಾದ ಬಗೆ

ಕರ್ನಾಟಕಕ್ಕೆ ಲೋಕಾಯುಕ್ತ ಕಾಯ್ದೆ ಬಂದದ್ದು 1984ರಲ್ಲಿ, ರಾಮಕೃಷ್ಣ ಹೆಗಡೆ ಸರ್ಕಾರದ ಕಾಲದಲ್ಲಿ. 2006ರಿಂದ 2011ರವರೆಗೆ ಆ ಕುರ್ಚಿಯಲ್ಲಿದ್ದು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟವರು ಸಂತೋಷ್ ಹೆಗ್ಡೆ. ಇಬ್ಬರೂ ಒಂದೇ ಮನೆಯವರೆಂದು ತಿಳಿದವರಿದ್ದಾರೆ. ಅಲ್ಲ. ಒಬ್ಬರು ಸಿದ್ದಾಪುರದ ದೊಡ್ಮನೆಯ ಹವ್ಯಕರು, ಇನ್ನೊಬ್ಬರು ಕಾರ್ಕಳ ಸೀಮೆಯ ಬಂಟರು.

ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಪೆರ್ಗಡೆ' ಎಂಬುದು ಅಧಿಕಾರಿಯ ಹುದ್ದೆ. ಅರಮನೆಯ ವ್ಯವಹಾರ ನೋಡುವವನು ಮನೆವೆರ್ಗಡೆ, ಸುಂಕದವನು ಸುಂಕವೆರ್ಗಡೆ. ಪಕಾರ ಹಕಾರವಾದಾಗ ಅದೇ ಹೆಗ್ಗಡೆ. ಊರ ಯಜಮಾನಿಕೆ ಯಾವ ಮನೆಯಲ್ಲಿತ್ತೋ ಆ ಮನೆಗೆ ಹೆಸರು ಅಂಟಿಕೊಂಡಿತು. ಹಾಗಾಗಿಯೇ ಹವ್ಯಕರು, ಬಂಟರು, ಜೈನರು ಎಲ್ಲರಲ್ಲೂ ಇದೆ. ಧರ್ಮಸ್ಥಳದಲ್ಲಂತೂ ಇಂದಿಗೂ ಅದು ಪದವಿಯೇ. 1968ರಲ್ಲಿ ಪಟ್ಟವೇರಿದ ಮೇಲೆ ವೀರೇಂದ್ರ ಕುಮಾರ್ ಅವರು ವೀರೇಂದ್ರ ಹೆಗ್ಗಡೆಯಾದರು. ತಮ್ಮಂದಿರು 'ಕುಮಾರ್' ಆಗಿಯೇ ಉಳಿದರು.

ಬರವಣಿಗೆಯಲ್ಲಿ ಒಂದು ರೂಢಿಯಿದೆ: ಉತ್ತರ ಕನ್ನಡದವರು ಹೆಚ್ಚಾಗಿ 'ಹೆಗಡೆ', ಉಡುಪಿ–ಮಂಗಳೂರು ಕಡೆಯವರು 'ಹೆಗ್ಡೆ'. ಇಂಗ್ಲಿಷಿನಲ್ಲಿ ಎರಡಕ್ಕೂ ಸಾಮಾನ್ಯವಾಗಿ ಒಂದೇ ಸ್ಪೆಲ್ಲಿಂಗ್. ಅಲ್ಲಿಂದ ಕನ್ನಡಕ್ಕೆ ಮರಳಿಸುವಾಗ ವ್ಯತ್ಯಾಸ ಅಳಿಸಿಹೋಗುತ್ತದೆ, ಎಡವಟ್ಟು ಶುರುವಾಗುವುದೇ ಅಲ್ಲಿ.

ಯಾರು ಯಾವ ಮನೆಯವರೆಂದು ಇನಿಷಿಯಲ್ ನೋಡಿದರೆ ತಿಳಿಯಬಹುದಲ್ಲ ಎಂದರೆ ಅದನ್ನೂ ಪೂರ್ತಿ ನಂಬುವಂತಿಲ್ಲ. ಕೆ.ಎಸ್. ಹೆಗ್ಡೆ ಎಂದರೆ ಕೌಡೂರು ಸದಾನಂದ ಹೆಗ್ಡೆ. 1973ರಲ್ಲಿ ಹಿರಿತನ ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟ ಮೂವರಲ್ಲಿ ಒಬ್ಬರು. 1977ರಲ್ಲಿ ಲೋಕಸಭೆಯ ಸ್ಪೀಕರ್ ಆದವರು. ಅವರ ಮಗನೇ ಎನ್. ಸಂತೋಷ್ ಹೆಗ್ಡೆ, 'ಎನ್' ಎಂದರೆ ನಿಟ್ಟೆ. ತಂದೆ ಮಗನ ಇನಿಷಿಯಲ್ಲೇ ಬೇರೆ! ಅಳಿಯಕಟ್ಟಿನ, ಅಂದರೆ ವಂಶವನ್ನು ತಾಯಿಯ ಕಡೆಯಿಂದ ಎಣಿಸುವ ಬಂಟರಲ್ಲಿ ಬಳಿ, ಅಂದರೆ ವಂಶದ ಕವಲು, ಬರುವುದು ತಾಯಿಯಿಂದ. ಮದುವೆಗೆ ಅಡ್ಡಿಯಾಗುವುದು ಒಂದೇ ಬಳಿ, ಒಂದೇ ಅಡ್ಡಹೆಸರಲ್ಲ. ಹವ್ಯಕರಲ್ಲಿ ನೋಡುವುದು ಗೋತ್ರ.

ಯಕ್ಷಗಾನದವರು ಇದನ್ನು ಸಲೀಸಾಗಿ ಬಗೆಹರಿಸಿಕೊಂಡಿದ್ದಾರೆ. ಹೊನ್ನಾವರ ತಾಲ್ಲೂಕೊಂದರಲ್ಲೇ ಅಷ್ಟು ಹೆಗಡೆಗಳಿರುವಾಗ ಪ್ರೇಕ್ಷಕ 'ಹೆಗಡೆಯವರ ವೇಷ' ಎನ್ನುವುದಿಲ್ಲ. ಪದ್ಮಶ್ರೀ ಪಡೆದ ರಾಮಚಂದ್ರ ಹೆಗಡೆ ಊರ ಹೆಸರಿನಿಂದ ಬರೀ 'ಚಿಟ್ಟಾಣಿ'. ಕೆರೆಮನೆಯವರಿಗೆ ಮಾತ್ರ ಅಷ್ಟು ಸಾಲದು. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಶಿವರಾಮ ಹೆಗಡೆ, ಮಗ ಶಂಭು ಹೆಗಡೆ, ಜೊತೆಗೆ ಮಹಾಬಲ ಹೆಗಡೆ ಮೂವರೂ ಹೆಸರಾಂತ ವೇಷಧಾರಿಗಳಾದ್ದರಿಂದ ಅಲ್ಲಿ ಮನೆ ಹೆಸರಿನ ಜೊತೆ ಸ್ವಂತ ಹೆಸರನ್ನೂ ಹೇಳಲೇಬೇಕು.