ಕೆಲಸದಲ್ಲಿದ್ದುಕೊಂಡೇ ಕಾನೂನು ಮತ್ತು ನೀತಿಯಲ್ಲಿ ಡಾಕ್ಟರೇಟ್: ಇದು ಪಿಎಚ್.ಡಿ.ಗಿಂತ ಕಡಿಮೆಯೇ?

ಪ್ರಶ್ನೆ: ಹಲವು ವರ್ಷಗಳಿಂದ ಸರ್ಕಾರಿ ಆಡಳಿತದಲ್ಲಿದ್ದೇನೆ. ಕಾನೂನು ಮತ್ತು ಸಾರ್ವಜನಿಕ ನೀತಿಯಲ್ಲಿ ‘ವೃತ್ತಿಪರ ಡಾಕ್ಟರೇಟ್’ ಮಾಡಬೇಕೆಂಬ ಆಸೆಯಿದೆ. ಇದು ಪಿಎಚ್.ಡಿ.ಗಿಂತ ಕಡಿಮೆ ದರ್ಜೆಯದ್ದು ಎನ್ನುತ್ತಾರೆ. ನಿಜವೇ?

ಉತ್ತರ: ದರ್ಜೆ ಕಡಿಮೆಯಲ್ಲ, ದಾರಿ ಬೇರೆ. ಪಿಎಚ್.ಡಿ. ಮಾಡುವವರು ಆ ಶಾಸ್ತ್ರದಲ್ಲಿ ಈವರೆಗೆ ಬಂದ ಬರವಣಿಗೆಯನ್ನು ಓದಿ, ಅಲ್ಲಿ ಉಳಿದುಹೋದ ಪ್ರಶ್ನೆಯನ್ನು ಹಿಡಿಯುತ್ತಾರೆ. ವೃತ್ತಿಪರ ಡಾಕ್ಟರೇಟ್ ಮಾಡುವವರ ಪ್ರಶ್ನೆ ಸಾಮಾನ್ಯವಾಗಿ ಅವರ ಮೇಜಿನ ಮೇಲಿನ ಕಡತದಿಂದಲೇ ಹುಟ್ಟುತ್ತದೆ. ಪುರಾವೆಯ ವಿಚಾರದಲ್ಲಿ ಮಾತ್ರ ಇಬ್ಬರಿಗೂ ರಿಯಾಯಿತಿ ಇಲ್ಲ.

ಈ ಬಗೆಯ ಪದವಿ ಹೊಸದೂ ಅಲ್ಲ. ಹಾರ್ವರ್ಡ್ 1920ರ ದಶಕದ ಆರಂಭದಲ್ಲೇ ಶಿಕ್ಷಣ ಕ್ಷೇತ್ರಕ್ಕೆ ಇಂಥ ಡಾಕ್ಟರೇಟ್ ಕೊಟ್ಟಿತು. ಬ್ರಿಟನ್ನಿನಲ್ಲಿ 1992ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ ಅದನ್ನು ತಂದಿತು. ಕಾನೂನು ಮತ್ತು ನೀತಿ ಎರಡನ್ನೂ ಸೇರಿಸಿದ ಪದವಿಗೆ ಬೋಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ‘ಡಾಕ್ಟರ್ ಆಫ್ ಲಾ ಅಂಡ್ ಪಾಲಿಸಿ’ ಒಂದು ಉದಾಹರಣೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಅಮೆರಿಕದಲ್ಲಿ ವಕೀಲರಾಗಲು ಓದುವ ಜೆ.ಡಿ. (ಜೂರಿಸ್ ಡಾಕ್ಟರ್) ಹೆಸರಿನಲ್ಲೂ ‘ಡಾಕ್ಟರ್’ ಇದೆ, ಆದರೆ ಅದಕ್ಕೆ ಸಂಶೋಧನಾ ಪ್ರಬಂಧ ಬೇಕಿಲ್ಲ. ನೀವು ಕೇಳುತ್ತಿರುವ ಪದವಿಗೆ ಪ್ರಬಂಧ ಬೇಕೇ ಬೇಕು. ಆದರೆ ಅದನ್ನು ಪಡೆದ ಮಾತ್ರಕ್ಕೆ ವಕೀಲಿಕೆಯ ಸನ್ನದು ಸಿಗುವುದಿಲ್ಲ.

ಹೆಚ್ಚಿನವರು ಎಡವುವುದು ಪ್ರಶ್ನೆಯ ಆಯ್ಕೆಯಲ್ಲಿ. ‘ವಸತಿ ನೀತಿಗಳು ಏಕೆ ಸೋಲುತ್ತವೆ?’ ಎಂದು ಹೊರಟರೆ ಜೀವಮಾನವೇ ಸಾಲದು. ಅದನ್ನು ಹೇಗೆ ಕಿರಿದು ಮಾಡಬಹುದು, ನೋಡಿ. ಮನೆ ಖಾಲಿ ಮಾಡಿಸುವ ಮೊಕದ್ದಮೆ ಎದುರಿಸುವ ಬಡ ಬಾಡಿಗೆದಾರರಿಗೆ ಉಚಿತ ವಕೀಲರನ್ನು ಒದಗಿಸುವ ಕಾನೂನನ್ನು ನ್ಯೂಯಾರ್ಕ್ ನಗರ 2017ರಲ್ಲಿ ಮಾಡಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಸೌಲಭ್ಯ ಊರಿಗೆಲ್ಲ ಒಂದೇ ಸಲ ಬರಲಿಲ್ಲ. ಅಂಚೆ ಪಿನ್ ಕೋಡ್ ಪ್ರಕಾರ ಹಂತ ಹಂತವಾಗಿ ಬಂತು. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಮೊದಲು ಸೌಲಭ್ಯ ಸಿಕ್ಕ ಬಡಾವಣೆಗಳನ್ನು ಇನ್ನೂ ಸಿಗದವುಗಳ ಜೊತೆ ಹೋಲಿಸಿ, ‘ಖಾಲಿ ಮಾಡಿಸುವ ಆದೇಶಗಳು ಇಳಿದವೇ?’ ಎಂದು ಕೇಳಬಹುದು.

ಇಲ್ಲಿ ಕಾನೂನು ಓದಿದ ಕಣ್ಣೂ ಬೇಕು, ನೀತಿ ಓದಿದ ಕಣ್ಣೂ ಬೇಕು. ಯಾವ ಆದಾಯದವರೆಗೆ ಪೂರ್ಣ ಪ್ರಮಾಣದ ವಕೀಲರ ನೆರವು, ಯಾವ ಬಗೆಯ ಮೊಕದ್ದಮೆಗೆ ಎಂಬುದನ್ನು ಕಾನೂನಿನ ಪಠ್ಯದಿಂದಲೇ ಬಿಡಿಸಬೇಕು. ಅಂಕಿಗಳನ್ನು ಓದುವಾಗ ಹುಷಾರಾಗಿರಬೇಕು: 2020ರಲ್ಲಿ ಕೋವಿಡ್‌ನಿಂದಾಗಿ ಖಾಲಿ ಮಾಡಿಸುವುದಕ್ಕೇ ತಡೆ ಬಿತ್ತು, ಹಾಗಾಗಿ ಆ ವರ್ಷದ ಇಳಿಕೆಯನ್ನೆಲ್ಲ ವಕೀಲರ ಲೆಕ್ಕಕ್ಕೆ ಬರೆಯುವಂತಿಲ್ಲ. ಸೌಲಭ್ಯವಿದ್ದೂ ವಕೀಲರಿಲ್ಲದೆ ಕೋರ್ಟಿಗೆ ಬಂದವರು ಏಕೆ ಹಾಗೆ ಬಂದರು ಎಂಬುದನ್ನು ಅಂಕಿ ಹೇಳುವುದಿಲ್ಲ. ಅವರನ್ನೇ ಕೂರಿಸಿ ಕೇಳಬೇಕು. ಪ್ರಬಂಧಕ್ಕೆ ಜೀವ ಬರುವುದು ಅಲ್ಲಿಂದ ಎಂಬುದು ನನ್ನ ದೃಢ ನಂಬಿಕೆ.

ನಿಮ್ಮ ಕಚೇರಿಯನ್ನೇ ವಿಷಯ ಮಾಡಿಕೊಂಡರೆ ಕಷ್ಟ ಇನ್ನೊಂದು ಬಗೆಯದು. ನಿಮ್ಮ ಕೈಕೆಳಗಿನವರನ್ನು ನೀವೇ ಸಂದರ್ಶನ ಮಾಡಿದರೆ ಅವರು ‘ಇಲ್ಲ’ ಎನ್ನಲು ಹಿಂಜರಿಯುತ್ತಾರೆ. ಅಂಥ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಕೆಲಸಕ್ಕಾಗಿ ನೋಡಿದ ಕಡತವನ್ನು ಸಂಶೋಧನೆಗೆ ಬಳಸಲು ಬೇರೆಯೇ ಅನುಮತಿ ಬೇಕು. ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಇದನ್ನೆಲ್ಲ ಮಾಹಿತಿ ಸಂಗ್ರಹಕ್ಕೆ ಮೊದಲೇ ಇಡಬೇಕು, ಆಮೇಲಲ್ಲ. ಮೇಲಧಿಕಾರಿಗೆ ಹಿಡಿಸದ ಫಲಿತಾಂಶ ಬಂದರೆ ಅದನ್ನು ಪ್ರಕಟಿಸಬಹುದೇ ಎಂಬುದನ್ನೂ ಬರಹದಲ್ಲಿ ಮಾಡಿಕೊಳ್ಳಿ. ಬಾಯಿಮಾತು ಸಾಲದು.

ಹಣದ ಮಾತು ಚಿಕ್ಕದು: ಪಿಎಚ್.ಡಿ.ಗೆ ಸಿಗುವಂಥ ಶಿಷ್ಯವೇತನ ಇಲ್ಲಿ ಅಪರೂಪ, ಶುಲ್ಕ ಬಹುಪಾಲು ನಿಮ್ಮದೇ ಅಥವಾ ನಿಮ್ಮ ಸಂಸ್ಥೆಯದು. ಮುಂದೆ ಪೂರ್ಣಾವಧಿ ಪ್ರಾಧ್ಯಾಪಕರಾಗುವುದೇ ಗುರಿಯಾದರೆ ಪಿಎಚ್.ಡಿ.ಯನ್ನೇ ಹಿಡಿಯಿರಿ ಎನ್ನುತ್ತೇನೆ. ನೇಮಕಾತಿ ಸಮಿತಿಗಳಿಗೆ ಅದೇ ಪರಿಚಿತ. ಈಗಿರುವ ಕ್ಷೇತ್ರದಲ್ಲೇ ನಿಂತು, ನಿಯಮಗಳನ್ನು ಪುರಾವೆಯ ಬಲದಿಂದ ಬದಲಿಸುವುದು ಗುರಿಯಾದರೆ ವೃತ್ತಿಪರ ಡಾಕ್ಟರೇಟೇ ಸರಿ.

ಅರ್ಜಿ ಹಾಕುವ ಮೊದಲು ಆ ವಿಭಾಗದಿಂದ ಹೊರಬಂದ ಎರಡು ಮೂರು ಪ್ರಬಂಧಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ತರಿಸಿ, ಕೊನೆಯ ಅಧ್ಯಾಯದಿಂದ ಓದಿ. ಯಾವ ಕಲಂ ಬದಲಾಗಬೇಕು, ಯಾರು ಬದಲಿಸಬೇಕು, ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಬೇರೆ ವಿಭಾಗ ಹುಡುಕಿ.